ಕಾಂಡೋಮ್ ಕೈಗಿಟ್ಟ ಮೇಲಿನ ಕೆಲಸ: ಹೊಸದಾಗಿ ಫೀಲ್ಡಿಗೆ ಇಳಿಯುವವರಿಗೆ

ನಾನು ಬಾಗಲಕೋಟೆ ಜಿಲ್ಲೆಯವಳು. ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರ ನಡುವೆ ಎಚ್‌ಐವಿ ತಡೆಯುವ ಪ್ರಾಜೆಕ್ಟಿಗೆ 2006ರಲ್ಲಿ ಪಿಯರ್ (ಅವರ ನಡುವಿನಿಂದಲೇ ಬಂದು ಕೆಲಸ ಮಾಡುವವಳು) ಆಗಿ ಸೇರಿದೆ, ಆಮೇಲೆ ಓಆರ್‌ಡಬ್ಲ್ಯೂ, ಅಂದರೆ ಪಿಯರ್‌ಗಳ ಕೆಲಸ ನೋಡಿಕೊಳ್ಳುವ ಔಟ್‌ರೀಚ್ ವರ್ಕರ್, ಆದೆ. ಈಗ ಹೊಸದಾಗಿ ಸೇರುವವರನ್ನು ಜೊತೆಗೆ ಕರೆದುಕೊಂಡು ಫೀಲ್ಡ್ ತೋರಿಸುತ್ತೇನೆ. ಪ್ರತಿ ಸಲ ಅದೇ ಮಾತುಗಳನ್ನು ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ, ನಡೆಯುತ್ತ ನಡೆಯುತ್ತ ಹೇಳುತ್ತಿದ್ದೆ. ಈ ಸಲ ಬರೆದಿಡುತ್ತಿದ್ದೇನೆ.

ತರಬೇತಿಯಲ್ಲಿ ಸೋಂಕು ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ಹೇಳಿಕೊಡುತ್ತಾರೆ. ಮಾಡೆಲ್ ಹಿಡಿದು ಕಾಂಡೋಮ್ ಡೆಮೊ ಮಾಡಿಸುತ್ತಾರೆ. ಆರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ, ಅದರ ಜೊತೆಗೇ ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಇನ್ನೊಂದು ರೋಗ) ಪರೀಕ್ಷೆ, ಮೂರು ತಿಂಗಳಿಗೊಮ್ಮೆ ಆರೋಗ್ಯ ತಪಾಸಣೆ ಎಂದು ಬರೆಸುತ್ತಾರೆ. ಅದೆಲ್ಲ ಬೇಕು, ಬಾಯಿಪಾಠವಾಗಿರಲಿ. ಆದರೆ ಮೊದಲ ತಿಂಗಳೊಳಗೇ ನಿಮಗೊಬ್ಬಳು ಸಿಗುತ್ತಾಳೆ. ಅವಳಿಗೆ ಎಲ್ಲ ಗೊತ್ತಿರುತ್ತದೆ, ನಿಮಗಿಂತ ಚೆನ್ನಾಗಿ ಡೆಮೊ ಮಾಡಿ ತೋರಿಸುತ್ತಾಳೆ, ಕೇಳಿದಷ್ಟು ಕಾಂಡೋಮ್ ಕೊಟ್ಟಿರುತ್ತೀರಿ. ಆದರೂ ಬಳಸಿರುವುದಿಲ್ಲ. ಅವಳ ಮುಂದೆ ಕೂತು ಮತ್ತೆ ಡೆಮೊ ಶುರು ಮಾಡಬೇಡಿ. ನಾನು ಮೂರು ವರ್ಷ ಹಾಗೇ ಮಾಡಿದೆ. ಅದರ ಬೆಲೆ ಕೊಟ್ಟವರು ನಾನಲ್ಲ, ಅವರು.

ನನಗೆ ಬುದ್ಧಿ ಬಂದದ್ದು ಒಂದು ತಾಲ್ಲೂಕಿನ ಬಸ್ ಸ್ಟ್ಯಾಂಡಿನಲ್ಲಿ, 2009ರ ಸುಮಾರಿಗೆ. ಅಲ್ಲಿ ದಂಧೆ ಮಾಡುತ್ತಿದ್ದ ಒಬ್ಬ ಅಕ್ಕ ಪ್ರತಿ ವಾರ ನನ್ನ ಕೈಯಿಂದ ಇಪ್ಪತ್ತೈದು ಪೀಸ್ ತೆಗೆದುಕೊಳ್ಳುತ್ತಿದ್ದಳು. ರಿಜಿಸ್ಟರಿನಲ್ಲಿ ಅವಳ ಸಾಲಿನಲ್ಲಿ ಒಂದು ವಾರವೂ ಖಾಲಿ ಇರಲಿಲ್ಲ. ಮೀಟಿಂಗಿನಲ್ಲಿ ಅವಳನ್ನೇ ಉದಾಹರಣೆ ಕೊಡುತ್ತಿದ್ದೆ. ಆರು ತಿಂಗಳ ಪರೀಕ್ಷೆಯಲ್ಲಿ ಅವಳಿಗೆ ಸಿಫಿಲಿಸ್ ಬಂತು. ನನಗೆ ಸಿಟ್ಟೇ ಬಂತು. "ಯಾಕ ಬಳಸಲಿಲ್ಲ?" ಅಂದೆ. ಅವಳು ಮಾತಾಡಲಿಲ್ಲ. ಕೈ ಹಿಡಿದು ಶೌಚಾಲಯದ ಹಿಂದೆ ಕರೆದುಕೊಂಡು ಹೋಗಿ ಗಟಾರ ತೋರಿಸಿದಳು. ನಾನು ಕೊಟ್ಟ ಪ್ಯಾಕೆಟ್ಟುಗಳು, ಹರಿಯದೇ ಇದ್ದವು, ಕೆಸರಿನಲ್ಲಿ ಬಿದ್ದಿದ್ದವು. "ಅಕ್ಕಾ, ನೀ ಕೊಟ್ಟಿದ್ದು ಬ್ಯಾಡ ಅನ್ನಾಕ ಮನಸ್ಸು ಬರಲ್ಲ. ಪರ್ಸಿನ್ಯಾಗ ಇಟ್ಕೊಂಡು ನಿಂತ್ರ ಪೊಲೀಸ್ರು ತೆಗದು ನೋಡ್ತಾರ. ಇದs ಸಾಕ್ಷಿ ಅಂತ ಬಡೀತಾರ, ಅವತ್ತಿನ ದುಡಿಮಿ ಕಸಗೊಂತಾರ. ಅದಕ್ಕ ಸ್ಟ್ಯಾಂಡಿಗೆ ಬರೂಕಿಂತ ಮೊದಲ ಇಲ್ಲಿ ಒಗದು ಬರ್ತೀನಿ" ಅಂದಳು.

ಅವಳಿಗೆ ತಿಳಿವಳಿಕೆ ಕಡಿಮೆ ಇರಲಿಲ್ಲ. ಅವಳ ಲೆಕ್ಕ ಸರಿಯಾಗಿತ್ತು: ಎಚ್‌ಐವಿ ಮುಂದೆ ಎಂದೋ ಬರಬಹುದಾದದ್ದು, ಲಾಠಿ ಇವತ್ತು ರಾತ್ರಿ ಒಂಬತ್ತೂವರೆಗೆ ಬರುವಂಥದ್ದು. ಅಂದಿನಿಂದ ನಾನು "ಯಾಕೆ ಬಳಸಲಿಲ್ಲ" ಎಂದು ಯಾರನ್ನೂ ಕೇಳಿಲ್ಲ. "ಆ ಹೊತ್ತಿಗೆ ಏನು ಅಡ್ಡ ಬಂತು" ಎಂದು ಕೇಳುತ್ತೇನೆ. ನಿಮಗೆ ನಾನು ಕಲಿಸುವುದು ಮುಖ್ಯವಾಗಿ ಇದೊಂದನ್ನೇ. ಅಡ್ಡ ಬಂದದ್ದನ್ನು ಹುಡುಕಿ, ಅದನ್ನು ಸರಿಸುವುದು ನಿಮ್ಮ ಕೆಲಸ.

ಮೊದಲ ಎರಡು ವಾರ: ನಿನ್ನೆಯ ದಿನ ಕೇಳಿ

ಸೇರಿದ ಕೂಡಲೇ ಭಾಷಣ ಬೇಡ. ಒಬ್ಬ ಪಿಯರ್‌ಗೆ ಸುಮಾರು 60 ಜನ ಎಂದು ಹಂಚಿಕೊಟ್ಟಿರುತ್ತಾರೆ. ಎಲ್ಲರನ್ನೂ ಒಂದೇ ವಾರದಲ್ಲಿ ಮುಗಿಸುವ ಅವಸರ ಮಾಡದೆ ದಿನಕ್ಕೆ ಮೂವರು ನಾಲ್ವರ ಜೊತೆ ಕೂತುಕೊಳ್ಳಿ. "ಸಾಮಾನ್ಯವಾಗಿ ಏನು ಮಾಡ್ತೀರಿ" ಎಂದು ಕೇಳಿದರೆ ನಿಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ನಿನ್ನೆಯದನ್ನು ಕೇಳಿ. ಮುಂಜಾನೆ ಎಷ್ಟೊತ್ತಿಗೆ ಎದ್ದಿರಿ, ಚಹಾ ಯಾರು ಮಾಡಿದರು, ಮಕ್ಕಳು ಸಾಲಿಗೆ ಹೋದರಾ, ಮನೆಯಿಂದ ಎಷ್ಟೊತ್ತಿಗೆ ಹೊರಬಿದ್ದಿರಿ, ಯಾರಿಗೆ ಏನು ಹೇಳಿ ಹೊರಬಿದ್ದಿರಿ, ಮೊದಲ ಗಿರಾಕಿ ಎಲ್ಲಿ, ಜಾಗ ಯಾರದ್ದು, ಆ ಜಾಗಕ್ಕೆ ಎಷ್ಟು ಕೊಟ್ಟಿರಿ, ಕುಡಿದಿದ್ದನಾ, ವಾಪಸು ಹೇಗೆ ಬಂದಿರಿ, ಮನೆಯಲ್ಲಿ ಯಾರಿದ್ದರು. ಗಂಟೆ ಗಂಟೆ ಲೆಕ್ಕದಲ್ಲಿ ಹೋಗಿ. ಎಲ್ಲಿ ಅವರು ಮಾತು ನಿಲ್ಲಿಸಿ ಬೇರೆ ಕಡೆ ನೋಡುತ್ತಾರೋ ಅಲ್ಲಿ ನೀವೂ ಸುಮ್ಮನಾಗಿ, ಒತ್ತಾಯ ಮಾಡಬೇಡಿ. ಮುಂದಿನ ಸಲ ಅದು ತಾನಾಗಿ ಬರುತ್ತದೆ.

ಆಮೇಲೆ ಡಿಐಸಿಯಲ್ಲಿ (ಅಕ್ಕಂದಿರು ಬಂದು ಕೂರುವ ಪ್ರಾಜೆಕ್ಟಿನ ಕೇಂದ್ರ) ಹತ್ತು ಹನ್ನೆರಡು ಜನ ಸೇರಿದಾಗ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಹಾಕಿಸಿ. ನಕ್ಷೆ ನೀವು ಬರೆಯಬೇಡಿ, ಅವರ ಕೈಗೇ ಪುಡಿ ಕೊಡಿ. ಬಸ್ ಸ್ಟ್ಯಾಂಡ್, ಲಾಡ್ಜು, ಢಾಬಾ, ಕಬ್ಬಿನ ಗದ್ದೆಯ ದಾರಿ ಎಲ್ಲ ಬಂದ ಮೇಲೆ ಒಂದು ಹಿಡಿ ಕಡಲೆಕಾಳು ಕೊಟ್ಟು "ಹೊಡೆತ ಬಿದ್ದ ಜಾಗದಲ್ಲಿ ಇಡ್ರಿ" ಅನ್ನಿ. ನಾನು ಮೊದಲ ಸಲ ಹಾಗೆ ಮಾಡಿಸಿದಾಗ ನಾಲ್ಕು ಕಾಳು ಠಾಣೆಯ ಹತ್ತಿರ ಬಿದ್ದವು, ಐದಾರು ಢಾಬಾದ ಹತ್ತಿರ, ಉಳಿದ ಅಷ್ಟೂ ಕಾಳು ಅವರವರ ಮನೆಯ ಮೇಲೆ. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ನಮ್ಮ ಇಡೀ ವರ್ಷದ ಕೆಲಸ ಎಲ್ಲಿದೆ ಎಂದು ಆ ಕಾಳುಗಳೇ ಹೇಳಿದ್ದವು. ನಾವು ಅಷ್ಟು ದಿನ ಮನೆ ಬಿಟ್ಟು ಉಳಿದೆಡೆಯೆಲ್ಲ ತಿರುಗಿದ್ದೆವು.

ಠಾಣೆ

ಪೊಲೀಸರ ವಿಷಯದಲ್ಲಿ ಹೆದರಿಕೆಯೂ ಬೇಡ, ಜಗಳವೂ ಬೇಡ, ಕಾಗದ ಇರಲಿ. ಮೊದಲು ಕಾನೂನನ್ನು ಸರಿಯಾಗಿ ತಿಳಿದುಕೊಳ್ಳಿ, ಅರ್ಧ ತಿಳಿದು ಹೋದರೆ ಅಲ್ಲೇ ಸೋಲುತ್ತೀರಿ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ವಯಸ್ಕಳಾದ ಹೆಂಗಸು ತನ್ನಿಚ್ಛೆಯಿಂದ ಈ ವೃತ್ತಿ ಮಾಡುವುದೇ ಅಪರಾಧ ಎಂದಿಲ್ಲ. ಆದರೆ ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು, ವೇಶ್ಯಾಗೃಹ ನಡೆಸುವುದು, ಇನ್ನೊಬ್ಬರ ಈ ದುಡಿಮೆಯ ಮೇಲೆ ಬದುಕುವುದು ಅಪರಾಧ. ಬಸ್ ಸ್ಟ್ಯಾಂಡಿನಲ್ಲಿ ಹಿಡಿದಾಗ ಅವರು ಹೇಳುವುದು ಇದನ್ನೇ. ನಿಮ್ಮ ಕೈಯಲ್ಲಿರಬೇಕಾದದ್ದು 2022ರ ಮೇ 19ರಂದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ. ಅದರಲ್ಲಿ ಕಾಂಡೋಮ್ ಇಟ್ಟುಕೊಂಡದ್ದನ್ನು ಅಪರಾಧ ಎಂದಾಗಲಿ ಅಪರಾಧದ ಸಾಕ್ಷಿ ಎಂದಾಗಲಿ ನೋಡಬಾರದು ಎಂದು ಇದೆ. ಲೈಂಗಿಕ ವೃತ್ತಿಯವರನ್ನು ಪೊಲೀಸರು ಬೈಯಬಾರದು, ಹೊಡೆಯಬಾರದು, ಅವರು ದೂರು ಕೊಟ್ಟರೆ ಗಂಭೀರವಾಗಿ ತೆಗೆದುಕೊಳ್ಳಬೇಕು ಎಂದೂ ಇದೆ. ನಮ್ಮ ಕಾಲದಲ್ಲಿ ಈ ಕಾಗದ ಇರಲಿಲ್ಲ, ಬರೀ ಕೈ ಮುಗಿದು ಮಾತಾಡುತ್ತಿದ್ದೆವು. ನಿಮಗೆ ಇದೆ. ಆ ಪುಟವನ್ನು ಕನ್ನಡ ಮಾಡಿಸಿ, ಮೂರು ಪ್ರತಿ ಲ್ಯಾಮಿನೇಶನ್ ಮಾಡಿಸಿ ಬ್ಯಾಗಿನಲ್ಲಿಡಿ.

ಯಾರನ್ನೋ ಹಿಡಿದ ರಾತ್ರಿ ಮೊದಲ ಸಲ ಠಾಣೆ ಮೆಟ್ಟಿಲು ಹತ್ತುವಂತಾಗಬಾರದು. ಏನೂ ಗದ್ದಲ ಇಲ್ಲದ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ನಿಮ್ಮ ಐಡಿ ಕಾರ್ಡ್, ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಕಾರ್ಯಕ್ರಮ ಇದು ಎನ್ನುವ ಪತ್ರ, ಆ ಆದೇಶದ ಪ್ರತಿ. ಇಬ್ಬರು ಹೋಗಿ, ಒಬ್ಬರಾದರೂ ದಂಧೆಯಲ್ಲಿರುವ ಅಕ್ಕ ಆಗಿರಲಿ. ಅವಳು ತಾನೇ ಕುರ್ಚಿಯಲ್ಲಿ ಕೂತು ಸಾಹೇಬರ ಜೊತೆ ಮಾತಾಡಿದ್ದನ್ನು ಪೇದೆಗಳು ನೋಡಬೇಕು. ಮೈಸೂರಿನ ಆಶೋದಯ ಸಮಿತಿಯವರು, ಬೆಂಗಳೂರಿನ ಸ್ವಾತಿ ಮಹಿಳಾ ಸಂಘದವರು, ನಮ್ಮ ಜಿಲ್ಲೆಯಲ್ಲಿ ಚೈತನ್ಯದವರು, ಇವೆಲ್ಲ ಹೆಂಗಸರೇ ಕಟ್ಟಿ ಬೆಳೆಸಿದ ಸಂಘಗಳು. ಅವರು ಬೆಳೆದದ್ದು ಇಂಥ ಮಾತುಕತೆಗೆ ತಾವೇ ಮುಂದೆ ನಿಂತಿದ್ದರಿಂದ. ಸಾಹೇಬರು ವರ್ಗವಾದಾಗೆಲ್ಲ ಮತ್ತೆ ಹೋಗಬೇಕು. ಇದು ಬೇಸರದ ಕೆಲಸ, ಆದರೆ ಬಿಟ್ಟರೆ ಆರು ತಿಂಗಳಲ್ಲಿ ಮೊದಲಿನಂತೆಯೇ ಆಗುತ್ತದೆ.

ಇನ್ನೊಂದು ಕಡೆ, ಕಾಂಡೋಮ್ ಹೊತ್ತು ತಿರುಗುವ ಅಗತ್ಯವೇ ಇಲ್ಲದಂತೆ ಮಾಡಿ. ಆ ಬಸ್ ಸ್ಟ್ಯಾಂಡಿನಲ್ಲಿ ನಾವು ಚಹಾದಂಗಡಿಯ ಕಾಕಾನನ್ನು ಕೇಳಿಕೊಂಡೆವು. ಅವನಿಗೂ ಹೆದರಿಕೆ ಇತ್ತು, ಎರಡು ವಾರ ಯೋಚಿಸಿ ಒಪ್ಪಿದ. ಸಕ್ಕರೆ ಡಬ್ಬಿಯ ಪಕ್ಕ ಕೆಂಪು ಮುಚ್ಚಳದ ಇನ್ನೊಂದು ಡಬ್ಬಿ. "ಕಾಕಾ, ಶುಂಠಿ ಕೊಡ್ರಿ" ಅಂದರೆ ಕೈಗೆ ಎರಡು ಪೀಸ್ ಬರುತ್ತಿದ್ದವು. ಗಿರಾಕಿ ಸಿಕ್ಕ ಮೇಲೆ ತೆಗೆದುಕೊಂಡರೆ ಸಾಕು, ಪರ್ಸಿನಲ್ಲಿ ಏನೂ ಇಲ್ಲ. ಲಾಡ್ಜಿನ ರೂಮ್ ಬಾಯ್, ಪಾನಂಗಡಿ, ಆಟೊ ಓಡಿಸುವ ಅಣ್ಣ, ಯಾರ ಹತ್ತಿರ ಇಡಬಹುದು ಎಂದು ಆ ಜಾಗದಲ್ಲಿ ನಿಲ್ಲುವವರನ್ನೇ ಕೇಳಿ. ನೀವು ಆರಿಸಿದ ಅಂಗಡಿಯವನ ಜೊತೆ ಅವರಿಗೆ ಹಳೇ ಜಗಳ ಇರಬಹುದು.

ಕ್ರೈಸಿಸ್ ಫೋನ್ ಇರಲೇಬೇಕು, ರಾತ್ರಿ ಯಾರಾದರೂ ಎತ್ತಲೇಬೇಕು. ಯಾರ ಪಾಳಿ ಎಂದು ವಾರದ ಮೊದಲೇ ಬರೆದಿಡಿ. ಬಲಾತ್ಕಾರ ಆಗಿದ್ದರೆ ಅಥವಾ ಕಾಂಡೋಮ್ ಹರಿದಿದ್ದರೆ 72 ಗಂಟೆಯೊಳಗೆ ಎಚ್‌ಐವಿ ಸೋಂಕು ತಡೆಯುವ ಮಾತ್ರೆ ಶುರುವಾಗಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ತೆಗೆದುಕೊಳ್ಳಬೇಕು. "ಸೋಮವಾರ ಕೌನ್ಸೆಲರ್ ಬರ್ತಾರ, ಆಗ ನೋಡೋಣ" ಎಂದು ಶನಿವಾರ ರಾತ್ರಿ ಹೇಳಿದರೆ ಆ ಗಂಟೆಗಳಲ್ಲಿ ಅರ್ಧದಷ್ಟು ಹೋಗಿಬಿಡುತ್ತವೆ. ಆ ರಾತ್ರಿಯೇ ಜಿಲ್ಲಾ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.

ಸಾಲದ ಕಂತಿನ ದಿನ

ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ. ಒಬ್ಬ ಪಿಯರ್ ಲೆಕ್ಕ ಬರೆಯುವಾಗ ಕಂಡುಹಿಡಿದಳು. ಅವಳ ಗುಂಪಿನಲ್ಲಿ "ಗಿರಾಕಿ ಒಪ್ಪಲಿಲ್ಲ, ಹಂಗs ಹೋದೆ" ಎಂದು ಹೇಳಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಾ ಹೋದಳು. ಬಹುತೇಕ ಸುತ್ತುಗಳು ಮಂಗಳವಾರ ಮತ್ತು ಬುಧವಾರ ರಾತ್ರಿ ಬಿದ್ದವು. ಅವರ ಓಣಿಯಲ್ಲಿ ಗುಂಪು ಸಾಲದ ಕಂತು ಗುರುವಾರ ಬೆಳಿಗ್ಗೆ. ಕಾಂಡೋಮ್ ಬೇಡ ಎನ್ನುವವನು ಇನ್ನೂರು ರೂಪಾಯಿ ಹೆಚ್ಚು ಕೊಡುತ್ತಾನೆ. ಶುಕ್ರವಾರವಾದರೆ ಅವನಿಗೆ ಅವಳು "ನಡಿ, ಹೋಗು" ಅನ್ನುತ್ತಾಳೆ. ಬುಧವಾರ ಅನ್ನಲಾಗುವುದಿಲ್ಲ. ಕಂತು ಕಟ್ಟದಿದ್ದರೆ ಬೆಳಿಗ್ಗೆ ಗುಂಪಿನ ಹೆಂಗಸರೆಲ್ಲ ಅವಳ ಮನೆ ಕಟ್ಟೆಯ ಮೇಲೆ ಕೂತಿರುತ್ತಾರೆ.

ಹಾಗಾಗಿ ನಿಮ್ಮ 60 ಜನರ ಹೆಸರಿನ ಮುಂದೆ ಸಾಲ ಎಷ್ಟು, ಯಾರದ್ದು, ಕಂತು ಯಾವ ದಿನ ಎಂದು ಬರೆದುಕೊಳ್ಳಿ. ಎಚ್‌ಐವಿ ಕೆಲಸಕ್ಕೂ ಸಾಲಕ್ಕೂ ಏನು ಸಂಬಂಧ ಎಂದು ನಿಮ್ಮ ಮೇಲಿನವರು ಕೇಳಿದರೆ ಆ ಕ್ಯಾಲೆಂಡರ್ ತೋರಿಸಿ. ಕಂತಿನ ಹಿಂದಿನ ಎರಡು ದಿನ ಫೀಲ್ಡಿನಲ್ಲಿ ಇರಿ, ಆ ದಿನ ನಾಲ್ಕು ಮಂದಿ ಒಂದೇ ಮಾತಿಗೆ ನಿಲ್ಲುವಂತೆ ಮೊದಲೇ ಕೂತು ಒಪ್ಪಿಸಿ. ಒಬ್ಬಳು ಬೇಡ ಅಂದು ಪಕ್ಕದವಳು ಹೂಂ ಅಂದರೆ ಗಿರಾಕಿ ಪಕ್ಕಕ್ಕೆ ಹೋಗುತ್ತಾನೆ, ನಾಲ್ವರೂ ಬೇಡ ಅಂದರೆ ಅವನೇ ಹಾದಿಗೆ ಬರುತ್ತಾನೆ. ದೂರದ ಮಾತೆಂದರೆ ಸಂಘದಲ್ಲಿ ತಮ್ಮದೇ ಉಳಿತಾಯ. ವಾರಕ್ಕೆ ಇಪ್ಪತ್ತು ರೂಪಾಯಿ ಆದರೂ ಸರಿ, ಕಂತಿನ ದಿನ ಕೈಗಡ ಸಿಗುವಂತಿದ್ದರೆ ಸಾಕು. ವಸೂಲಿಗೆ ಬಂದವರು ಮನೆ ಮುಂದೆ ನಿಂತು ಅವಾಚ್ಯ ಬೈದರೆ, ಬಾಗಿಲಿಗೆ ಬೀಗ ಹಾಕಿದರೆ, ಕಿರುಸಾಲದ ವಸೂಲಿಯಲ್ಲಿ ಬಲವಂತ ತಡೆಯಲು 2025ರಲ್ಲಿ ನಮ್ಮ ರಾಜ್ಯ ತಂದ ಕಾನೂನು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಪುಕ್ಕಟೆ.

ನಮ್ಮಾಂವ

ರಂಗೋಲಿ ನಕ್ಷೆಯಲ್ಲಿ ಮನೆ ಮೇಲೆ ಬಿದ್ದ ಕಾಳುಗಳ ಮಾತಿಗೆ ಬರುತ್ತೇನೆ. ಇದು ಎಲ್ಲಕ್ಕಿಂತ ಕಷ್ಟದ್ದು.

ಪ್ರಾಜೆಕ್ಟಿನವರು "ಪಾರ್ಟ್ನರ್" ಎಂದು ಬರೆಯುತ್ತಾರೆ. ನಮ್ಮ ಅಕ್ಕಂದಿರು "ನಮ್ಮಾಂವ" ಅನ್ನುತ್ತಾರೆ. ನಮ್ಮ ಕಡೆ ಮುತ್ತು ಕಟ್ಟಿಸಿಕೊಂಡವರಿಗೆ, ಅಂದರೆ ದೇವದಾಸಿಯರಿಗೆ, ಮದುವೆ ಇಲ್ಲ. ಆದರೆ ಹತ್ತು ಹದಿನೈದು ವರ್ಷದಿಂದ ಒಬ್ಬನೇ ಬಂದು ಹೋಗುತ್ತಿರುತ್ತಾನೆ. ಅವನಿಗೆ ಅವನದೇ ಹೆಂಡತಿ ಮಕ್ಕಳು ಇರುತ್ತಾರೆ. ಇವಳ ಮಕ್ಕಳ ಜವಳಕ್ಕೆ ಅವನೇ ಖರ್ಚು ಮಾಡಿರುತ್ತಾನೆ, ಓಣಿಯಲ್ಲಿ ಇವಳ ಮೈ ಮುಟ್ಟಲು ಬೇರೆಯವರು ಹೆದರುವುದು ಅವನಿಗೇ. ಹೊಡೆಯುವವನೂ ಅವನೇ. ಗಿರಾಕಿಗಳ ಜೊತೆ ತಪ್ಪದೆ ಕಾಂಡೋಮ್ ಬಳಸುವವಳು ಇವನ ಜೊತೆ ಬಳಸುವುದಿಲ್ಲ. ಕೇಳಿದರೆ "ನಮ್ಮಾಂವಗ ಅದನ್ನ ಹಾಕ್ಕೊ ಅಂದ್ರ ಅಂವ ಗಿರಾಕಿ ಆದಂಗ ಆತಲ್ರಿ?" ಎಂದು ಒಬ್ಬಳು ನನ್ನನ್ನೇ ತಿರುಗಿ ಕೇಳಿದಳು. ಅವಳ ಮಟ್ಟಿಗೆ ಕಾಂಡೋಮ್ ಇಲ್ಲದಿರುವುದೇ ಅವನನ್ನು ಗಿರಾಕಿಗಳಿಂದ ಬೇರೆ ಮಾಡುವ ಒಂದೇ ಗುರುತು. ಅದನ್ನು ನಾವು ಕಿತ್ತುಕೊಳ್ಳಲು ಹೊರಟಿದ್ದೆವು.

"ಅವನನ್ನು ಬಿಟ್ಟುಬಿಡು" ಎಂದು ಯಾವತ್ತೂ ಹೇಳಬೇಡಿ. ನೀವು ರಾತ್ರಿ ನಿಮ್ಮ ಮನೆಗೆ ಹೋಗುತ್ತೀರಿ, ಅವಳು ಅವನ ಜೊತೆ ಇರುತ್ತಾಳೆ. ನೀವು ಹೇಳಿದ ಮಾತು ಅವನ ಕಿವಿಗೆ ಬಿದ್ದರೆ ಅವಳು ಡಿಐಸಿಗೆ ಬರುವುದು ನಿಲ್ಲುತ್ತದೆ. ನಾನು ಮೊದಲು ಹೊಡೆತದ ಮಾತು ಮಾತ್ರ ಆಡುತ್ತೇನೆ. ಯಾವಾಗ ಹೊಡೆಯುತ್ತಾನೆ, ಕುಡಿದಾಗಲಾ, ದುಡ್ಡು ಕೇಳಿದಾಗಲಾ, ಗಿರಾಕಿಯ ಫೋನ್ ಬಂದಾಗಲಾ. ಶುರುವಾಗುವ ಮೊದಲು ಗುರುತು ಏನು. ಆಗ ಮಕ್ಕಳನ್ನು ಕರೆದುಕೊಂಡು ಹೋಗಲು ಯಾರ ಮನೆ ಬಾಗಿಲು ತೆರೆದಿರುತ್ತದೆ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಾತ್ರೆ ಇದ್ದರೆ ಮಾತ್ರೆ, ಒಂದು ಜೊತೆ ಮಕ್ಕಳ ಬಟ್ಟೆ, ಒಂದು ಚೀಲದಲ್ಲಿ ಹಾಕಿ ಆ ಮನೆಯಲ್ಲಿ ಇಟ್ಟಿರಲಿ. 181 ಮಹಿಳಾ ಸಹಾಯವಾಣಿ, 112 ಪೊಲೀಸ್, ಬಾಯಿಪಾಠ ಮಾಡಿಸಿ. ಫೋನಿನಲ್ಲಿ ಸೇವ್ ಮಾಡಿಸಿದರೆ ಅವನು ನೋಡುತ್ತಾನೆ.

ಕಾಂಡೋಮ್ ಮಾತು ಆಮೇಲೆ, ಅವಳೇ ಎತ್ತಿದಾಗ. ದಾರಿಗಳಿವೆ. ಮಕ್ಕಳಾಗದಂತೆ ಎಂದು ಹೇಳಿ ಶುರು ಮಾಡಿದವರಿದ್ದಾರೆ. ಇಬ್ಬರೂ ಸೇರಿ ಐಸಿಟಿಸಿಗೆ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಬಂದು ಪರೀಕ್ಷೆ ಮಾಡಿಸಿಕೊಂಡವರಿದ್ದಾರೆ. ಗಂಡಸರ ಜೊತೆ ಗಂಡಸರೇ ಮಾತಾಡಿದರೆ ಹೆಚ್ಚು ನಡೆಯುತ್ತದೆ. ಒಂದು ಊರಿನಲ್ಲಿ ಗರಡಿಮನೆಯ ಹಿರಿಯನೊಬ್ಬ ಕಟ್ಟೆಯ ಮೇಲೆ "ಮನ್ಯಾಗಿನ ಹೆಣ್ಣಮಗಳಿಗೆ ಕೈ ಎತ್ತಾಂವ ನನ್ನ ಮುಂದ ಕುಂದರಬ್ಯಾಡ" ಅಂದದ್ದು ನಮ್ಮ ಇಪ್ಪತ್ತು ಮೀಟಿಂಗಿಗಿಂತ ಹೆಚ್ಚು ಕೆಲಸ ಮಾಡಿತು. ಅಂಥವರನ್ನು ಹುಡುಕಿ. ಇದು ನಿಧಾನದ ಕೆಲಸ, ಕೆಲವರ ವಿಷಯದಲ್ಲಿ ನನಗೆ ಇನ್ನೂ ಆಗಿಲ್ಲ, ಅವರ ಮುಖ ನೆನಪಾಗುತ್ತಲೇ ಇರುತ್ತದೆ.

ಕಾರ್ಡುಗಳು

ರೇಷನ್ ಕಾರ್ಡ್ ಇದ್ದವಳ ಮನೆಯಲ್ಲಿ ತಿಂಗಳ ಅಕ್ಕಿ ಇರುತ್ತದೆ. ಅಕ್ಕಿ ಇದ್ದವಳು ಕಾಂಡೋಮ್ ಬೇಡ ಎನ್ನುವವನನ್ನು ವಾಪಸು ಕಳಿಸಬಲ್ಲಳು. ಆದ್ದರಿಂದ ಕಾರ್ಡ್ ಮಾಡಿಸುವುದನ್ನು ಬೇರೆ ಇಲಾಖೆಯ ಕೆಲಸ ಎಂದುಕೊಳ್ಳಬೇಡಿ. ಅದೂ ಎಚ್‌ಐವಿ ತಡೆಯುವ ಕೆಲಸವೇ.

ವಿಳಾಸದ ದಾಖಲೆ ಇಲ್ಲ ಎಂದು ಆಧಾರ್ ಸಿಗದೆ ಅಲೆಯುವವರಿಗೆ ಸುಪ್ರೀಂ ಕೋರ್ಟಿನ ಅದೇ ಪ್ರಕರಣದಲ್ಲಿ ದಾರಿ ಆಗಿದೆ. ನ್ಯಾಕೋದ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯ ಏಡ್ಸ್ ಸೊಸೈಟಿಯ ಯೋಜನಾ ನಿರ್ದೇಶಕರು ಕೊಡುವ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕು, ಕಾರ್ಡಿನಲ್ಲಾಗಲಿ ಸಂಖ್ಯೆಯಲ್ಲಾಗಲಿ ಅವರ ವೃತ್ತಿ ತಿಳಿಯುವ ಯಾವ ಗುರುತೂ ಇರಬಾರದು. ನಿಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಮೂಲಕ ಹೆಸರು ಕಳಿಸಿ, ಕಳಿಸಿದ ತಾರೀಖು ಬರೆದಿಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ನೆನಪಿಸಿ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಲೈಂಗಿಕ ವೃತ್ತಿಯಲ್ಲಿರುವವರಿಗೆ ಚೇತನ, ಎಚ್‌ಐವಿ ಸೋಂಕಿತ ಹೆಂಗಸರಿಗೆ ಧನಶ್ರೀ ಎಂಬ ಯೋಜನೆಗಳಿವೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ ಪಿಂಚಣಿ ಇದೆ. ಅರ್ಜಿ ತುಂಬುವಾಗ ಓದು ಬಾರದವರ ಪಕ್ಕ ಕೂತು ನೀವೇ ಓದಿ ಹೇಳಿ. ಏಜೆಂಟರ ಕೈಗೆ ಕೊಟ್ಟರೆ ಅರ್ಧ ದುಡ್ಡು ಅಲ್ಲೇ ಹೋಗುತ್ತದೆ, ವಿಷಯವೂ ಊರಿಗೆಲ್ಲ ತಿಳಿಯುತ್ತದೆ.

ಆಸ್ಪತ್ರೆಯ ಸಾಲಿನಲ್ಲಿ

2000ದ ದಶಕದ ಶುರುವಿನಲ್ಲಿ ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ ಜನರ ನಡುವೆ ಮಾಡಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಜನರಿಗೆ ಸೋಂಕು ಕಂಡಿತ್ತು. ಆಗ ಮಾತ್ರೆ ಇರಲಿಲ್ಲ, ಇದ್ದರೂ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಸರ್ಕಾರದ ಪುಕ್ಕಟೆ ಎಆರ್‌ಟಿ, ಅಂದರೆ ಎಚ್‌ಐವಿ ಮಾತ್ರೆಯ ಚಿಕಿತ್ಸೆ, ದೇಶದಲ್ಲಿ ಶುರುವಾದದ್ದು 2004ರಲ್ಲಿ. 2017ರಿಂದ ಸಿಡಿ4 (ರೋಗ ತಡೆಯುವ ರಕ್ತಕಣಗಳ ಲೆಕ್ಕ) ಎಷ್ಟೇ ಇರಲಿ, ಸೋಂಕು ಖಚಿತವಾದ ಕೂಡಲೇ ಮಾತ್ರೆ ಶುರು. ತಪ್ಪದೆ ನುಂಗಿ ವೈರಾಣು ಪರೀಕ್ಷೆಯಲ್ಲಿ ಕಾಣದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಈ ಮಾತನ್ನು ಎಲ್ಲರಿಗೂ ಹೇಳಿ, ಗಟ್ಟಿಯಾಗಿ ಹೇಳಿ. ನಮ್ಮ ಎಷ್ಟೋ ಅಕ್ಕಂದಿರು ಇದನ್ನು ಕೇಳಿಯೇ ಇಲ್ಲ.

ಆದರೆ ಮಾತ್ರೆ ಇರುವುದು ಜಿಲ್ಲಾ ಕೇಂದ್ರದಲ್ಲಿ, ಅವಳಿರುವುದು ನಲವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ಸಾಲಿನಲ್ಲಿ ನಿಂತಾಗ ಅವಳ ಊರಿನವರೇ ಎದುರಾಗುತ್ತಾರೆ. ಒಬ್ಬಳು ಎರಡು ತಿಂಗಳು ಮಾತ್ರೆ ಬಿಟ್ಟಳು. ಫೋನ್ ಮಾಡಿ ಬೈಯುವ ಬದಲು ಮನೆಗೆ ಹೋದೆ. ಅವಳು ಮಾತ್ರೆಗಳನ್ನು ಡಬ್ಬಿಯಲ್ಲಿ ಇಟ್ಟರೆ ಅಲುಗಾಡಿದಾಗ ಸದ್ದಾಗುತ್ತದೆ, ಸೊಸೆಗೆ ತಿಳಿಯುತ್ತದೆ ಎಂದು ಜೋಳದ ಚೀಲದೊಳಗೆ ಹುದುಗಿಸಿದ್ದಳು. ಇಲಿ ಕಡಿದಿತ್ತು. ಡಬ್ಬಿಯಲ್ಲಿ ಹತ್ತಿ ತುಂಬಿಸಿ ಕೊಟ್ಟೆ, ಸದ್ದು ನಿಂತಿತು. ಅಷ್ಟೇ ಬೇಕಾಗಿದ್ದದ್ದು. ಎರಡು ತಿಂಗಳು ಯಾರೂ ಮನೆಗೆ ಹೋಗಿ ನೋಡಿರಲಿಲ್ಲ, ನಾನೂ ಸೇರಿದಂತೆ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿ ಈಗ ಇದೆ, ಸ್ಥಿರವಾಗಿರುವವರಿಗೆ ಅದನ್ನು ಕೇಳಿ ಕೊಡಿಸಿ.

ಇನ್ನು ಆಸ್ಪತ್ರೆಯವರ ನಡತೆ. ಹೆರಿಗೆಗೆ ಬಂದ ಒಬ್ಬಳ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಎಚ್‌ಐವಿ ಎಂದು ದೊಡ್ಡದಾಗಿ ಬರೆದು ಮಂಚದ ತುದಿಗೆ ನೇತುಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಕ್ಕದ ಮಂಚದವರು ಎದ್ದು ಹೋದರು. ಮಧ್ಯಾಹ್ನದೊಳಗೆ ಅವಳ ಅತ್ತೆಗೆ ಸುದ್ದಿ ಮುಟ್ಟಿತ್ತು. ನಾನು ಆಗ ಅತ್ತುಕೊಂಡು ಹೊರಗೆ ಬಂದೆ, ಏನು ಮಾಡಬೇಕೆಂದು ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ: 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವಂತಿಲ್ಲ, ಸೋಂಕಿದೆ ಎಂದು ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆ ನಿರಾಕರಿಸುವಂತಿಲ್ಲ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕು. ಮೊದಲು ಅವರ ಹೆಸರು ಕೇಳಿ, ಬರೆದುಕೊಡಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಅಲ್ಲಿ ಆಗದಿದ್ದರೆ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸಲು ಈ ಕಾಯ್ದೆಯಡಿ ನೇಮಿಸಿದ ಅಧಿಕಾರಿಗೆ, ದೂರು. ಅವರು 30 ದಿನದೊಳಗೆ ಆದೇಶ ಕೊಡಬೇಕು, ತುರ್ತು ಚಿಕಿತ್ಸೆಯ ವಿಷಯವಾದರೆ ಆದಷ್ಟು 24 ಗಂಟೆಯೊಳಗೆ. ಆದರೆ ದೂರು ಕೊಡಬೇಕೋ ಬೇಡವೋ ಎನ್ನುವುದು ಅವಳ ತೀರ್ಮಾನ. ನಿಮ್ಮ ಸಿಟ್ಟಿಗೆ ಅವಳ ಹೆಸರು ಬಳಸಬೇಡಿ. ಏನು ಕೇಳಬೇಕೆಂದು ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ, ಎಚ್‌ಐವಿಯದೇ ಪುಕ್ಕಟೆ ಸಹಾಯವಾಣಿ.

ಹೋಗುವ ಹುಡುಗಿಯರು, ಬರುವ ಗಂಡಸರು

ಮುತ್ತು ಕಟ್ಟುವುದನ್ನು ನಮ್ಮ ರಾಜ್ಯ 1982ರಲ್ಲೇ ಕಾನೂನಿನಿಂದ ನಿಷೇಧಿಸಿದೆ. ಆದರೂ ಮುಧೋಳ, ಜಮಖಂಡಿ, ಅಥಣಿ, ರಾಯಬಾಗ ಕಡೆಯಿಂದ ಸಾಂಗ್ಲಿ, ಪುಣೆ, ಮುಂಬೈಗೆ ಹೋದವರ ಮನೆಗಳು ಪ್ರತಿ ಓಣಿಯಲ್ಲೂ ಸಿಗುತ್ತವೆ. ಯುಗಾದಿಗೆ, ಜಾತ್ರೆಗೆ ಊರಿಗೆ ಬರುತ್ತಾರೆ. ಆ ಎಂಟು ದಿನ ನಿಮಗೆ ರಜೆ ಬೇಡ. ಅಲ್ಲಿ ಎಆರ್‌ಟಿ ತೆಗೆದುಕೊಳ್ಳುವವರಿಗೆ ಇಲ್ಲಿ ಬಂದಾಗ ಮಾತ್ರೆ ಮುಗಿದುಹೋದರೆ ಏನು ಮಾಡಬೇಕು ಎಂದು ಮೊದಲೇ ವಿಚಾರಿಸಿ, ಅವರ ಚಿಕಿತ್ಸೆಯ ಹಸಿರು ಪುಸ್ತಕದ ಫೋಟೊ ಅವರ ಫೋನಿನಲ್ಲೇ ತೆಗೆದಿಡಿಸಿ. ಓಣಿಯಲ್ಲಿ ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟ ಹುಡುಗಿ ಕಂಡರೆ ಅವತ್ತೇ ಆ ಮನೆಗೆ ಹೋಗಿ. ಸೈಕಲ್ ಕೆಟ್ಟಿದೆಯೋ, ದಾರಿಯಲ್ಲಿ ಹುಡುಗರು ಕಾಡುತ್ತಾರೋ, ಮನೆಯಲ್ಲಿ ಮುತ್ತು ಕಟ್ಟುವ ಮಾತು ನಡೆದಿದೆಯೋ ತಿಳಿಯಿರಿ. ಕೊನೆಯದಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆ ವಯಸ್ಸಿನಲ್ಲಿ ತಡೆದರೆ ಮುಂದಿನ ಇಪ್ಪತ್ತು ವರ್ಷದ ಕಾಂಡೋಮ್ ಲೆಕ್ಕ ಬರೆಯುವ ಕೆಲಸವೇ ಇರುವುದಿಲ್ಲ.

ಕಬ್ಬು ಕಡಿಯಲು ಬರುವ ಗುಂಪುಗಳು, ಲಾರಿ ಓಡಿಸುವವರು, ಇವರಿಗೆ ಬೇರೆ ತಂಡ ಇರುತ್ತದೆ, ಅವರ ನಂಬರ್ ಇಟ್ಟುಕೊಳ್ಳಿ. ಜೋಗಪ್ಪಗಳು (ಯಲ್ಲಮ್ಮನಿಗೆ ಬಿಟ್ಟು ಹೆಣ್ಣುಡುಗೆಯಲ್ಲಿ ಇರುವವರು), ಗಂಡಸರ ಜೊತೆ ಸಂಬಂಧ ಇರುವ ಗಂಡಸರು ನಿಮ್ಮ ಹತ್ತಿರ ಬಂದರೆ ಅವರ ಸಂಘಕ್ಕೆ ಸೇರಿಸಿ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಅವರಿಗೆ ತಿಳಿಸಿ. ಇಂದಿಗೂ ಹಳೇ ದಂಡ ಸಂಹಿತೆಯ 377ನೇ ಕಲಮಿನ ಹೆಸರು ಹೇಳಿ ಹೆದರಿಸಿ ದುಡ್ಡು ಕೀಳುವವರಿದ್ದಾರೆ.

ನೋಟ್‌ಬುಕ್

ಆಫೀಸಿನ ರಿಜಿಸ್ಟರ್ ಅಲ್ಲದೆ ನಿಮ್ಮದೇ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಅದರಲ್ಲಿ ಹೆಸರು ಬರೆಯಬೇಡಿ, ನಿಮಗೆ ಮಾತ್ರ ಗೊತ್ತಾಗುವ ಗುರುತು ಸಾಕು. ಕಳೆದುಹೋದರೂ ಯಾರಿಗೂ ತೊಂದರೆ ಆಗಬಾರದು. ಏನು ಅಡ್ಡ ಬಂತು, ಅದನ್ನು ಸರಿಸಲು ಯಾರ ಹತ್ತಿರ ಹೋದೆ, ಮುಂದೆ ಯಾವತ್ತು ಹೋಗಬೇಕು, ಈ ಮೂರೇ. ತಿಂಗಳ ಕೊನೆಗೆ ಎಷ್ಟು ಪೀಸ್ ಹಂಚಿದಿರಿ ಎಂದು ಆಫೀಸು ಕೇಳುತ್ತದೆ, ಕೊಡಿ. ಆ ನೋಟ್‌ಬುಕ್ ತೆರೆದು, ಒಂದೇ ಅಡ್ಡಿ ಮೂವರ ಸಾಲಿನಲ್ಲಿ ಬಂದಿದ್ದರೆ ಅದನ್ನು ಸಂಘದ ಮೀಟಿಂಗಿಗೆ ಒಯ್ಯಿರಿ. ಒಬ್ಬಳ ಕಷ್ಟ ಎಂದು ಕೌನ್ಸೆಲಿಂಗ್ ಕೊಟ್ಟು ಕಳಿಸಬೇಡಿ.

ಮುಂದಿನ ವಾರದಿಂದ ಆ ಬಸ್ ಸ್ಟ್ಯಾಂಡ್ ನಿಮ್ಮ ಪಾಲಿಗೆ ಬರುತ್ತದೆ. ಕಾಕಾ ಈಗ ಇಲ್ಲ, ಮಗ ಅಂಗಡಿ ನೋಡುತ್ತಾನೆ. ಕೆಂಪು ಮುಚ್ಚಳದ ಡಬ್ಬಿ ಸಕ್ಕರೆ ಡಬ್ಬಿಯ ಎಡಕ್ಕೆ ಇದೆ. ಸೋಮವಾರ ಬೆಳಿಗ್ಗೆ ಎಂಟರೊಳಗೆ, ಗದ್ದಲ ಶುರುವಾಗುವ ಮೊದಲು ತುಂಬಬೇಕು. ಪ್ಯಾಕೆಟ್ಟಿನ ಹಿಂದಿನ ತಾರೀಖು ನೋಡಿ ಹಾಕಿ, ಬೇಸಿಗೆಯಲ್ಲಿ ಒಲೆಯ ಶಾಖಕ್ಕೆ ಹಾಳಾಗುತ್ತವೆ, ಆಗ ಡಬ್ಬಿಯನ್ನು ಕೆಳಗಿನ ಕಪಾಟಿಗೆ ಸರಿಸಲು ಹುಡುಗನಿಗೆ ಹೇಳಿ. ಚಹಾ ಕುಡಿದರೆ ದುಡ್ಡು ಕೊಟ್ಟು ಬನ್ನಿ.